ಸಂತೆ ದಿನ ಬನ್ನಿ ಎಂದ ಸಿಸ್ಟರ್

ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ನಾನೂ ಅಮ್ಮನೂ ಕಾಫಿ ಹಣ್ಣು ಕುಯ್ಯುತ್ತಿದ್ದಾಗ, ಗಿಡಗಳ ನಡುವೆ ಬಿಳಿ ಸೀರೆಯ ಸಿಸ್ಟರ್ ಒಬ್ಬರು ನಡೆದು ಬಂದರು. ಅಮ್ಮ ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆಯವರು. ಅವರನ್ನು ಕಂಡದ್ದೇ ಅಮ್ಮ ಗಿಡದ ಮರೆಗೆ ಸರಿದಳು. ಸಕ್ಕರೆ ಕಾಯಿಲೆಯಿಂದ ಅವಳ ಕಾಲಿನ ಗಾಯ ಮಾಗಿರಲಿಲ್ಲ. ಆದರೂ ಡಾಕ್ಟರು ಹೇಳಿದ ದಿನ ಎರಡು ಸಲ ಹೋಗಿರಲಿಲ್ಲ. ಆಗ ಎಸ್ಟೇಟಿನ ಕೂಲಿಯವರಾದ ನಮ್ಮ ಲೈನ್ ಮನೆಗಳಲ್ಲಿ ಫೋನೂ ಇರಲಿಲ್ಲ; ಅದಕ್ಕೇ ಸಿಸ್ಟರ್ ತಾವೇ ಹುಡುಕಿಕೊಂಡು ಬಂದಿದ್ದರು.

ಬೈಗುಳ ಖಂಡಿತ ಎಂದುಕೊಂಡೆ. ಸಿಸ್ಟರ್ ಬಗ್ಗಿ ಗಾಯ ನೋಡಿ, “ಯಾಕಮ್ಮ ಬರ್ಲಿಲ್ಲ?” ಎಂದು ಮೆಲ್ಲಗೆ ಕೇಳಿ, ಸುಮ್ಮನೆ ಕಾದರು.

“ಕುಯ್ಲಿನ ಟೈಮಲ್ಲಿ ರಜೆ ಕೇಳೋಕಾಗಲ್ಲ ಸಿಸ್ಟರ್. ನಮಗೆ ಸಂತೆ ದಿನ ಒಂದೇ ಬಿಡುವು,” ಎಂದಳು ಅಮ್ಮ.

“ಹಂಗಾದ್ರೆ ಸಂತೆ ದಿನಾನೇ ಬನ್ನಿ. ಡಾಕ್ಟರ ಹತ್ರ ನಾನು ಮಾತಾಡ್ತೀನಿ. ನಿಮ್ಮನ್ನ ಕೇಳದೆ ದಿನ ಕೊಟ್ಟಿದ್ದು ನಮ್ದೇ ತಪ್ಪು.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಒಂದು ಸಲವೂ ತಪ್ಪಿಸಲಿಲ್ಲ. ಸಂತೆಗೆ ಹೋದ ಬೇರೆ ಹೆಂಗಸರೂ ಆಸ್ಪತ್ರೆಗೆ ತೋರಿಸಿಕೊಂಡು ಬರತೊಡಗಿದರು.

ಬೆರಳನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದ ಕಾಲು ಮಳೆಗಾಲಕ್ಕೆ ಮುಂಚೆ ಮಾಗಿತು. ಯಾಕೆ ಬರಲಿಲ್ಲ ಎಂದು ನಮ್ಮನ್ನು ಗದರಿದವರು ಎಷ್ಟೋ ಮಂದಿ. ಕೇಳಿ, ಉತ್ತರಕ್ಕಾಗಿ ನಿಂತವರು ಆ ಸಿಸ್ಟರ್ ಒಬ್ಬರೇ.