ಬರೀ ನೀರು ಎಂದಿದ್ದೆ

ಲ್ಯಾನ್ಸಿ, ಆ ದಿನ ಟ್ರ್ಯಾಕಿನ ಮೇಲೆ ಚೆಲ್ಲಿದ್ದು ನನ್ನ ಕಾರಿನ ಕೂಲೆಂಟ್. ನೀನು ಜಾರಿದ್ದು ಅದರ ಮೇಲೆ. ನಿನ್ನ ಕೈ ತಪ್ಪಿರಲಿಲ್ಲ, ಕಣ್ಣು ತಪ್ಪಿರಲಿಲ್ಲ, ಆ ತಿರುವಿಗೆ ನೀನು ಬಂದ ವೇಗವೂ ತಪ್ಪಾಗಿರಲಿಲ್ಲ. ಇದು ನನಗೆ ಆಮೇಲೆ ತಿಳಿದದ್ದಲ್ಲ — ನಿನ್ನ ಕಾರು ತಡೆಗೋಡೆಗೆ ಬಡಿಯುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಏಳು ವರ್ಷ ಸುಮ್ಮನಿದ್ದೆ.

ಇಷ್ಟಕ್ಕೇ ನಿಲ್ಲಿಸಿದರೆ, ಪಾಪ, ಏನೋ ಆಗಿಹೋಯಿತು ಎಂದು ನೀನೇ ನನ್ನನ್ನು ಬಿಟ್ಟುಬಿಡುತ್ತೀ. ನಿನ್ನ ಸ್ವಭಾವ ನನಗೆ ಗೊತ್ತು. ಅದಕ್ಕೆ ಅವಕಾಶ ಕೊಡಬಾರದು ಅಂತಲೇ ಪೂರ್ತಿ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಐರಿನ್ ಓದಬೇಕು. ಟ್ರ್ಯಾಕಿನ ವ್ಯವಹಾರ ಅವಳಿಗೆ ಯಾವತ್ತೂ ಅರ್ಥವಾಗಿರಲಿಲ್ಲ. ತನ್ನ ಗಂಡ ಹುಂಬ ಎಂದಷ್ಟೇ ಅವಳಿಗೆ ಕೊನೆಗೆ ಅರ್ಥವಾದದ್ದು. ಅದೂ ಸುಳ್ಳು.

ಐರಿನ್, ನಾವು ಮಾಡುತ್ತಿದ್ದದ್ದು ನೀನು ಟೀವಿಯಲ್ಲಿ ನೋಡುವಂಥ ರೇಸ್ ಅಲ್ಲ. ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಒಬ್ಬೊಬ್ಬರೇ, ನಡುವೆ ಅಂತರ ಬಿಟ್ಟು, ಗಡಿಯಾರದ ವಿರುದ್ಧ ಓಡಿಸಬೇಕು. ಯಾರ ಸುತ್ತು ಕಡಿಮೆ ಸಮಯದ್ದೋ ಅವರು ಮೇಲೆ. ವಾರವಿಡೀ ಆಫೀಸು, ಹೋಟೆಲು, ಆಸ್ಪತ್ರೆ ಎಂದು ಕತ್ತು ಬಗ್ಗಿಸಿ ದುಡಿಯುವ ನಮ್ಮಂಥವರು ಚಳಿಗಾಲದ ವಾರಾಂತ್ಯದಲ್ಲಿ ಹೆಲ್ಮೆಟ್ ಹಾಕಿಕೊಂಡು ಬೇರೆ ಮನುಷ್ಯರಾಗುತ್ತಿದ್ದೆವು. ಟೂರಿಸ್ಟ್ ಕ್ಲಬ್ ಏರಿಯಾದ ಒಂದೇ ಕಟ್ಟಡದಲ್ಲಿದ್ದ ನನ್ನನ್ನೂ ಲ್ಯಾನ್ಸಿಯನ್ನೂ ಹತ್ತಿರ ತಂದದ್ದು ಅದೇ. ಅವನು ಹೋಟೆಲಿನ ಫ್ರಂಟ್ ಆಫೀಸಿನಲ್ಲಿ ಬೈಂದೂರಿನ ನಗು ನಗುತ್ತ ನಿಲ್ಲುವವನು. ನಾನು ಮೈಸೂರು ಬಿಟ್ಟು ಗಲ್ಫಿಗೆ ಬಂದು ಕಂಪ್ಯೂಟರಿನ ಮುಂದೆ ಕೂತವನು. ಲಿಫ್ಟಿನಲ್ಲಿ ಟೈರಿನ ಮಾತು ಶುರುವಾದರೆ ಮನೆ ಬಾಗಿಲಲ್ಲಿ ನಿಂತೂ ಮುಗಿಯುತ್ತಿರಲಿಲ್ಲ.

ಲ್ಯಾನ್ಸಿ, ನೀನು ನನಗಿಂತ ಚೆನ್ನಾಗಿ ಓಡಿಸುತ್ತಿದ್ದೆ. ಸ್ವಲ್ಪವೇ, ಆದರೆ ಪ್ರತಿ ಸಲ. ನನ್ನ ಕಾರು ನಿನ್ನದಕ್ಕಿಂತ ಹೊಸದು, ಎಂಜಿನ್ ದೊಡ್ಡದು. ನಿನ್ನದು ಯಾರೋ ಕೈಬಿಟ್ಟ ಹಳೇ ಜಪಾನಿ ಗಾಡಿ, ಮುಸ್ಸಫಾದ ಗ್ಯಾರೇಜಿನ ಮೂಲೆಯಲ್ಲಿ ನೀನೇ ಬಿಚ್ಚಿ ನೀನೇ ಜೋಡಿಸಿದ್ದು. ಆದರೂ ಬೋರ್ಡಿನಲ್ಲಿ ನಿನ್ನ ಹೆಸರು ಮೇಲೆ. ನಾನು ನಗುತ್ತ ಬೆನ್ನು ತಟ್ಟುತ್ತಿದ್ದೆ. ಒಳಗೆ ಹೊಟ್ಟೆ ಉರಿಯುತ್ತಿತ್ತು. ಆ ಸೀಸನ್ನಿನಲ್ಲಿ ನಮ್ಮ ಟ್ರ್ಯಾಕಿನ ಕ್ಲಬ್ಬಿನವರು ಹೊಸಬರಿಗೆ ಕಲಿಸಲು ಒಬ್ಬ ಇನ್‌ಸ್ಟ್ರಕ್ಟರ್ ಬೇಕೆಂದಾಗ ನಿನ್ನ ಹೆಸರೇ ಬಂತು. ಸಂಬಳವಿಲ್ಲದ ಕೆಲಸ, ಒಂದು ಕಿತ್ತಳೆ ಬಣ್ಣದ ಜಾಕೆಟ್ಟು, ಅಷ್ಟೇ. ನೀನು ಅದನ್ನು ಮನೆಯಲ್ಲಿ ಹೇಳುವಾಗ ಮಗಳ ಮುಂದೆ ಎದೆ ಸೆಟೆಸಿ ನಿಂತದ್ದನ್ನು ನಾನು ನೋಡಿದೆ. ಆ ಜಾಕೆಟ್ಟಿನ ಮೇಲೆ ನನಗೂ ಆಸೆಯಿತ್ತು ಎಂದು ಯಾರಿಗೂ ಹೇಳಲಿಲ್ಲ.

ಈಗ ಆ ನಿಯಮದ ವಿಷಯ. ನಮ್ಮ ಕ್ಲಬ್ಬಿನಲ್ಲಿ ಟ್ರ್ಯಾಕಿಗಿಳಿಯುವ ಕಾರಿನ ರೇಡಿಯೇಟರಿನಲ್ಲಿ ಬರೀ ನೀರಿರಬೇಕು. ಎಂಜಿನ್ ತಣಿಸಲು ದಿನನಿತ್ಯದ ಗಾಡಿಗಳಿಗೆ ಹಾಕುವ ಹಸಿರು ಕೂಲೆಂಟ್ ಕೂಡದು. ನೀರು ಚೆಲ್ಲಿದರೆ ಇಲ್ಲಿನ ಬಿಸಿಲಿಗೆ ನೋಡುತ್ತಿದ್ದಂತೆ ಆರಿಹೋಗುತ್ತದೆ. ಕೂಲೆಂಟ್ ಚೆಲ್ಲಿದರೆ ಡಾಂಬರಿನ ಮೇಲೆ ಸೋಪು ಸವರಿದ ಹಾಗೆ, ಬೇಗ ಆರುವುದೂ ಇಲ್ಲ. ಕೂಲೆಂಟನ್ನು ಪೂರ್ತಿ ಬಸಿದು, ತೊಳೆದು, ನೀರು ತುಂಬಿಸಿ, ಟ್ರ್ಯಾಕ್ ಮುಗಿದ ಮೇಲೆ ಮತ್ತೆ ಬದಲಾಯಿಸಬೇಕು. ರಗಳೆಯ ಕೆಲಸ. ಬೆಳಿಗ್ಗೆ ತಪಾಸಣೆಯವರು ಬ್ರೇಕು, ಬೆಲ್ಟು ಎಲ್ಲ ಮುಟ್ಟಿ ನೋಡುತ್ತಾರೆ. ಆದರೆ ರೇಡಿಯೇಟರಿನ ಮುಚ್ಚಳ ಮಾತ್ರ ತೆರೆಸುವುದಿಲ್ಲ. ದೂರದಿಂದ ಓಡಿಸಿಕೊಂಡು ಬಂದ ಬಿಸಿ ಗಾಡಿ, ತೆರೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಹಾಗಾಗಿ ಬಾಯಿಮಾತಿನಲ್ಲಿ ಕೇಳುತ್ತಾರೆ, ನಾವು ಹೇಳಿದ್ದನ್ನು ನಂಬುತ್ತಾರೆ.

ಆ ದಿನದ ಹಿಂದಿನ ಸಂಜೆ ನೀನು ನಿನ್ನ ಗಾಡಿಗೆ ನೀರು ತುಂಬಿಸಿ ಮುಗಿಸಿ, ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದೆ. “ಬಾ ಮಾರಾಯ, ನಿಂದೂ ಖಾಲಿ ಮಾಡುವ. ಇಬ್ರು ಸೇರಿದ್ರೆ ಬೇಗ ಆಗ್ತದೆ.”

“ನಂದು ಆಗೋಯ್ತು ಕಣೋ,” ಎಂದೆ.

ಆಗಿರಲಿಲ್ಲ. ಮೈಗಳ್ಳತನ ಒಂದು ಕಾರಣ. ಇನ್ನೊಂದು ಕಾರಣವನ್ನು ಇವತ್ತಾದರೂ ಬರೆಯುತ್ತೇನೆ — ಹಿಂದಿನ ಸಲ ಬರೀ ನೀರಿದ್ದಾಗ ನನ್ನ ಎಂಜಿನ್ ಬೇಗ ಕುದಿಯಹತ್ತಿತ್ತು. ನಡುವೆ ನಿಧಾನ ಮಾಡಿ ತಣ್ಣಗಾಗಿಸಬೇಕಾಯಿತು. ಕೂಲೆಂಟ್ ಇದ್ದರೆ ಇನ್ನಷ್ಟು ಹೊತ್ತು ದಬಾಯಿಸಬಹುದು, ನಿನ್ನನ್ನು ಒಂದು ಸಲವಾದರೂ ಹಿಂದೆ ಹಾಕಬಹುದು ಎಂದುಕೊಂಡೆ. ಮರುದಿನ ಬೆಳಿಗ್ಗೆ ತಪಾಸಣೆಯವನು ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳಿದ. ಬರೀ ನೀರು ಎಂದೆ. ನಾಲಿಗೆ ತೊದಲಲೂ ಇಲ್ಲ.

ಆ ದಿನ ನಾನು ಚೆನ್ನಾಗಿ ಓಡಿಸಿದೆ. ಅದೇ ನನ್ನನ್ನು ಇವತ್ತಿಗೂ ಹಿಂಡುವುದು — ಕೆಟ್ಟದಾಗಿ ಓಡಿಸಿದ್ದರೆ ನಿಲ್ಲಿಸುತ್ತಿದ್ದೆನೋ ಏನೋ. ಕೊನೆಯ ಸುತ್ತಿನಲ್ಲಿ ಆ ವೇಗದ ಎಡತಿರುವಿಗೆ ಬರುವಾಗ ಸಿಹಿ ವಾಸನೆ ಬಂತು. ಬೆಲ್ಲದ ಪಾಕ ತಳ ಹಿಡಿದಂಥ ವಾಸನೆ. ಗಾಜಿನ ಮೇಲೆ ಸಣ್ಣಗೆ ಮಂಜು ಕೂತಿತು, ಉಷ್ಣತೆಯ ಮುಳ್ಳು ಮೇಲೇರಿತು. ಎಲ್ಲೋ ಪೈಪು ಒಡೆದಿದೆ ಎಂದು ಆ ಕ್ಷಣವೇ ಗೊತ್ತಾಯಿತು. ಹಾಗಾದರೆ ಮಾಡಬೇಕಾದದ್ದು ನಮಗೆಲ್ಲ ಬಾಯಿಪಾಠ: ಓಟದ ಗೆರೆ ಬಿಟ್ಟು ಪಕ್ಕಕ್ಕೆ ಸರಿ, ಕೈ ಹೊರಗೆ ಹಾಕು, ನಿಲ್ಲಿಸು. ಟ್ರ್ಯಾಕ್ ಕಾಯುವ ಮಾರ್ಷಲ್ ಬಾವುಟ ತೋರಿಸುತ್ತಾನೆ, ಟ್ರ್ಯಾಕ್ ತೊಳೆಯುತ್ತಾರೆ, ನಿಲ್ಲಿಸಿದವನ ಸುತ್ತು ರದ್ದು. ಸುತ್ತು ಮುಗಿಯುವ ಗೆರೆ ಇನ್ನು ಸ್ವಲ್ಪವೇ ದೂರವಿತ್ತು. ಅದು ನನ್ನ ಜೀವಮಾನದ ಸುತ್ತು. ನಾನು ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ.

ಟ್ರ್ಯಾಕ್ ಬಿಟ್ಟು ಒಳಗೆ ಬಂದಾಗ ನೀನು ಹೊರಡುವ ಬಾಯಲ್ಲಿ ಕಾಯುತ್ತಿದ್ದೆ. ಹೆಲ್ಮೆಟ್ಟಿನೊಳಗಿಂದ ನನ್ನನ್ನು ನೋಡಿ ಹೆಬ್ಬೆರಳೆತ್ತಿದೆ. ಬೋರ್ಡಿನಲ್ಲಿ ನೀನು ನನ್ನ ಸಮಯ ನೋಡಿದ್ದೆ, ಅದಕ್ಕೆ ಶಭಾಷ್ ಎನ್ನುತ್ತಿದ್ದೆ. ನಾನೂ ಎತ್ತಿದೆ. ಬಾವುಟದವನು ನನ್ನಿಂದ ಕೂಗಳತೆಯ ದೂರದಲ್ಲಿದ್ದ. ಕೂಗಬಹುದಿತ್ತು. ಕೂಗಿದರೆ ನನ್ನ ರೇಡಿಯೇಟರ್ ತೆರೆಸುತ್ತಾರೆ, ಸುಳ್ಳು ಹೊರಬೀಳುತ್ತದೆ, ಸುತ್ತು ಹೋಗುತ್ತದೆ, ಕ್ಲಬ್ಬಿನಿಂದಲೂ ಹೊರಹಾಕುತ್ತಾರೆ — ಇಷ್ಟನ್ನೂ ಯೋಚಿಸುವಷ್ಟು ಸಮಯ ನನಗಿತ್ತು, ಲ್ಯಾನ್ಸಿ. ಗಾಬರಿಯಲ್ಲಿ ಮರೆತೆ ಎಂದು ಹೇಳುವ ಹಾಗಿಲ್ಲ. ಬಾವುಟದವನು ನಿನ್ನನ್ನು ಟ್ರ್ಯಾಕಿಗೆ ಬಿಟ್ಟ. ನಾನು ಕಾರನ್ನು ದೂರದ ಮೂಲೆಗೆ ಒಯ್ದು, ಬಾನೆಟ್ಟಿನಡಿ ಟವೆಲ್ಲಿನಿಂದ ಹಸಿರು ಒರೆಸುತ್ತ ನಿಂತೆ. ಹೆಚ್ಚೇನೂ ಚೆಲ್ಲಿರಲಿಕ್ಕಿಲ್ಲ, ಅವನು ಹೇಗೋ ದಾಟುತ್ತಾನೆ, ಅವನ ಕೈ ಒಳ್ಳೆಯದು ಎಂದು ಹೇಳಿಕೊಳ್ಳುತ್ತಿದ್ದೆ. ನಿನ್ನ ಕೈಯ ಮೇಲೆ ನನಗೆ ಅಷ್ಟು ನಂಬಿಕೆ.

ಆಮೇಲೆ ಸದ್ದು ಕೇಳಿತು.

ನಿನ್ನ ಎಂಜಿನ್ ಆಯಿಲ್ ಆ ತಿರುವಿನ ತುಂಬ ಹರಡಿತ್ತು. ಅದರಡಿ ನನ್ನದು ಮುಚ್ಚಿಹೋಯಿತು. ಕ್ಲಬ್ಬಿನ ಹಿರಿಯರು ಬಂದು ನೋಡಿ, ತಿರುವಿಗೆ ವೇಗ ಹೆಚ್ಚಾಯಿತು, ಚಾಲಕನದೇ ತಪ್ಪು ಎಂದರು. ಮಣಿಕಟ್ಟು ಮುರಿದುಕೊಂಡ ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನು. ನಿನ್ನ ಮಗಳು ಶರನ್ ಗ್ಯಾಲರಿಯಲ್ಲಿ ಕೂತು ಎಲ್ಲ ನೋಡಿದ್ದಳು. ಆಗಿನ್ನೂ ಚಿಕ್ಕ ಹುಡುಗಿ, ದಾರಿಯಿಡೀ ನನ್ನ ತೋಳು ಹಿಡಿದುಕೊಂಡೇ ಕೂತಿದ್ದಳು. ಬ್ಯಾಂಡೇಜಿನ ಕೈ ಎದೆಯ ಮೇಲಿಟ್ಟುಕೊಂಡು ನೀನು ಕೇಳಿದೆ:

“ನೀ ನನ್ನ ಮುಂಚೆಯೇ ಹೋದವ ಅಲ್ವಾ? ಆ ತಿರ್ಗಾಸಲ್ಲಿ ಎಂತಾದ್ರೂ ಬಿದ್ದದ್ದು ಉಂಟಾ? ಸ್ಟೇರಿಂಗ್ ತಿರುಗಿಸಿದ್ದು ಗೊತ್ತುಂಟು, ಗಾಡಿ ಮಾತ್ರ ಕೇಳ್ಲಿಲ್ಲ ಮಾರಾಯ.”

“ಏನೂ ಇರ್ಲಿಲ್ಲ ಲ್ಯಾನ್ಸಿ,” ಎಂದೆ.

“ಹಾಗಾದ್ರೆ ನನ್ನದೇ ತಪ್ಪು,” ಎಂದೆ ನೀನು.

ಮೊದಲ ಸುಳ್ಳು ಆಸೆಗೆ ಹೇಳಿದ್ದು. ಇದು ಹಾಗಲ್ಲ. ಇಲ್ಲಿ ನೀನು ಸತ್ಯದ ಬಾಗಿಲಿಗೇ ಬಂದು ನಿಂತಿದ್ದೆ, ನಾನು ಅದನ್ನು ನಿನ್ನ ಮುಖದ ಮೇಲೆ ಮುಚ್ಚಿದೆ. ಎಲ್ಲ ಕಡೆ ಹುಡುಕಿ ನೋಡಿದ್ದೇನೆ; ಇದಕ್ಕೆ ನನ್ನ ಹತ್ತಿರ ಯಾವ ಸಮಜಾಯಿಷಿಯೂ ಇಲ್ಲ.

ಆಮೇಲಿನದು ಇನ್ನೂ ಹೊಲಸು. ಆ ದಿನದ ಗೆಲುವಿನ ಕಪ್ ನನಗೆ ಬಂತು, ಇಸ್ಕೊಂಡೆ. ನಿನ್ನ ಕಾರು ಗುಜರಿಗೆ ಹೋಯಿತು. ಕೈ ವಾಸಿಯಾದ ಮೇಲೂ ನೀನು ಸ್ಟೇರಿಂಗ್ ಮುಟ್ಟಲಿಲ್ಲ — ಟ್ರ್ಯಾಕಿನದಲ್ಲ, ಯಾವುದರದ್ದೂ. ಹೋಟೆಲಿಗೆ ಬಸ್ಸು ಹಿಡಿಯುತ್ತಿದ್ದವನನ್ನು ನಾನೇ ಕಾರಿನಲ್ಲಿ ಬಿಡತೊಡಗಿದೆ, ರೀಮ್ ಐಲ್ಯಾಂಡಿಗೆ ಮನೆ ಬದಲಾಯಿಸಿದ ಮೇಲೂ ಬಳಸು ದಾರಿಯಲ್ಲಿ ಬಂದು. “ಶ್ರೀಧರಣ್ಣ, ನೀವಿಲ್ದಿದ್ರೆ ಇವರದ್ದು ಎಂತ ಗತಿ ಆಗ್ತಿತ್ತಾ,” ಎಂದು ಐರಿನ್ ನನಗೆ ಮೀನಿನ ಸಾರು ಡಬ್ಬಿಗೆ ಹಾಕಿ ಕೊಡುತ್ತಿದ್ದಳು. ಆ ಸಾರನ್ನು ನಾನು ಉಂಡೆ. ರುಚಿಯಾಗಿಯೇ ಇತ್ತು. ಕೆಲವು ದಿನ ನಾನು ನಿಜವಾಗಿಯೂ ಒಳ್ಳೆಯ ಗೆಳೆಯ ಎಂದು ನನಗೇ ಅನಿಸಿದ್ದೂ ಉಂಟು. ಮನುಷ್ಯನ ಭಂಡತನಕ್ಕೆ ತಳವಿಲ್ಲ, ಅದು ನನ್ನನ್ನು ನೋಡಿ ನನಗೆ ತಿಳಿದದ್ದು.

ಮತ್ತೆ ಆ ಕಿತ್ತಳೆ ಜಾಕೆಟ್ಟು — ಅದು ನನಗೆ ಬಂತು. ನಿನ್ನನ್ನು ಕೇಳಿಯೇ ಒಪ್ಪಿಕೊಂಡೆ, ನೆನಪಿದೆಯಾ? “ನೀನಾದ್ರೂ ತಗೊ ಮಾರಾಯ, ನಿಂಗೆ ತಲೆ ಉಂಟು,” ಎಂದಿದ್ದೆ ನೀನು. ಈಗ ಹೊಸಬರನ್ನು ಸಾಲಾಗಿ ನಿಲ್ಲಿಸಿ, ಸಿಹಿ ವಾಸನೆ ಬಂದರೆ ಪಕ್ಕಕ್ಕೆ ಸರಿಯಿರಿ, ನಿಮ್ಮ ಹಿಂದೆ ಬರುವವನ ಜೀವ ನಿಮ್ಮ ಕೈಯಲ್ಲಿದೆ ಎಂದು ಪಾಠ ಹೇಳುವವನು ನಾನು. ತಪಾಸಣೆಗೆ ನಿಂತು, ಬರೀ ನೀರೇ ತಾನೆ ಎಂದು ಕೇಳುವವನೂ ನಾನೇ. ಹೌದು ಸರ್ ಎನ್ನುತ್ತಾರೆ. ಕೆಲವರು ಕಣ್ಣು ತಪ್ಪಿಸುತ್ತಾರೆ. ಅಂಥವರ ಮುಚ್ಚಳವನ್ನು ಆರುವವರೆಗೆ ಕಾದು ತೆರೆಸುತ್ತೇನೆ. ಶ್ರೀಧರ್ ಬಹಳ ಕಟ್ಟುನಿಟ್ಟು ಎಂದು ಕ್ಲಬ್ಬಿನಲ್ಲಿ ನನಗೆ ಹೆಸರಿದೆ.

ಇದನ್ನು ಹೀಗೇ ಮುಚ್ಚಿಟ್ಟುಕೊಂಡು ಮಣ್ಣಾಗುತ್ತಿದ್ದೆ. ಹೋದ ವಾರ ಅಪ್ಪ ಮಗಳು ನಿಮ್ಮಿಬ್ಬರನ್ನೂ ಚರ್ಚಿನಿಂದ ಮನೆಗೆ ಬಿಡುವಾಗ ಹಿಂದಿನ ಸೀಟಿನಿಂದ ಶರನ್ ಡ್ರೈವಿಂಗ್ ಕ್ಲಾಸಿನ ಮಾತೆತ್ತಿದಳು. ಅವಳಿಗೀಗ ಕಲಿಯುವ ವಯಸ್ಸಾಯಿತು, ಲೈಸೆನ್ಸ್ ಬೇಕು, ಅಷ್ಟೇ. ನೀನು ತಿರುಗಿಯೂ ನೋಡದೆ ಹೇಳಿದೆ: “ಬೇಡ ಬಾಯೇ. ನಮ್ಮ ಕೈಗೆ ಅದು ಹೇಳಿದ್ದಲ್ಲ. ನನ್ನದು ನೋಡಿದ್ದಿ ಅಲ್ವಾ.”

“ದಟ್ ವಾಸ್ ಯೂ, ಡ್ಯಾಡಾ. ಇಟ್ಸ್ ನಾಟ್ ಫೇರ್,” ಎಂದಳು ಅವಳು. ನೀನು ಬಲಗೈಯ ಮೇಲೆ ಎಡಗೈ ಮುಚ್ಚಿಕೊಂಡು ಕೂತೆ, ಕಳವು ಮಾಡಿದವನ ಹಾಗೆ. ನಾನು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಓಡಿಸುತ್ತಿದ್ದೆ. ನನಗೆ ಆಗ ಹೊಳೆಯಿತು — ನಾನು ನಿನ್ನ ಒಂದು ಕಾರನ್ನೋ ಒಂದು ಸೀಸನ್ನನ್ನೋ ತಿಂದದ್ದಲ್ಲ. ನಿನ್ನ ಕೈಯ ಮೇಲೆ ನಿನಗಿದ್ದ ನಂಬಿಕೆಯನ್ನು ತಿಂದೆ, ಈಗ ನೀನು ಅದೇ ಅಪನಂಬಿಕೆಯನ್ನು ಮಗಳ ಕೈಗೂ ಕೊಡುತ್ತಿದ್ದೀ. ಆಗಲೂ ಬಾಯಿ ಬಿಡಲಿಲ್ಲ. ನಿಮ್ಮನ್ನು ಇಳಿಸಿ, ಕೈಬೀಸಿ ಬಂದೆ.

ಈಗ ಬರೆದದ್ದನ್ನು ಓದಿ ನೋಡಿದೆ. ಒಂದು ವಿಷಯ ಕಂಡು ನನ್ನ ಮೇಲೆ ನನಗೇ ಅಸಹ್ಯವಾಯಿತು. ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ನೀನೂ ಐರಿನ್ನೂ ಓದಬಲ್ಲಿರಿ. ಶರನ್‌ಗೆ ಕನ್ನಡದ ಅಕ್ಷರ ಬಾರದು, ನನ್ನ ಮಗನಿಗೂ ಬಾರದು, ಕ್ಲಬ್ಬಿನವರ ಮಾತು ಬಿಡು. ಕನ್ನಡದಲ್ಲಿ ಬರೆದರೆ ಮನಸ್ಸು ಬಿಚ್ಚಿ ಬರುತ್ತದೆ ಎಂದುಕೊಂಡೇ ಶುರುಮಾಡಿದೆ, ಅದು ಸುಳ್ಳೂ ಅಲ್ಲ — ಆದರೆ ಯಾರು ಯಾರು ಓದಲಾರರು ಎಂಬ ಲೆಕ್ಕವೂ ತಲೆಯ ಹಿಂದೆ ನಡೆದೇ ಇತ್ತು. ತಪ್ಪೊಪ್ಪಿಗೆಯಲ್ಲೂ ಅವಿತುಕೊಳ್ಳಲು ಜಾಗ ಹುಡುಕಿದ್ದೇನೆ.

ಹಾಗಾಗಿ ಇದು ಸಾಲದು. ಶನಿವಾರ ಬೆಳಿಗ್ಗೆ ಟ್ರ್ಯಾಕಿನಲ್ಲಿ ಡ್ರೈವರುಗಳ ಮೀಟಿಂಗಿನಲ್ಲಿ ಮಾತಾಡುವವನು ನಾನು. ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ, ನಿನ್ನ ಹೆಸರು ಹೇಳಿ, ನನ್ನ ಹೆಸರು ಹೇಳಿ, ನಡೆದದ್ದನ್ನು ಹೇಳುತ್ತೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಅಲ್ಲಿಂದ ನೇರ ನಿನ್ನ ಮನೆಗೆ ಬರುತ್ತೇನೆ. ಶರನ್ ಮನೆಯಲ್ಲಿರಲಿ. ನಿನ್ನ ಡ್ಯಾಡಾ ಆ ದಿನ ಸರಿಯಾಗಿಯೇ ಓಡಿಸಿದ್ದ ಎಂದು ಅವಳ ಮುಖ ನೋಡಿ ಹೇಳಬೇಕು, ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ನೀನು ಬೈದರೆ ಬೈಸಿಕೊಳ್ಳುತ್ತೇನೆ. ಬೈಯದಿದ್ದರೆ, ಅದನ್ನೂ ಸಹಿಸುತ್ತೇನೆ.

ನನ್ನನ್ನು ಒಳಗೆ ಬಾ, ಕೂತುಕೋ ಎನ್ನಬೇಡ. ಬಾಗಿಲಲ್ಲಿ ನಿಂತೇ ಹೇಳುತ್ತೇನೆ.