ವಾಚು ಬಿಚ್ಚಿಡುತ್ತಿದ್ದ ಮಾಸ್ತರು

ಕಾಶೀನಾಥ ಮಾಸ್ತರು ಹೊಡೆಯುವ ಮುಂಚೆ ವಾಚು ಬಿಚ್ಚುತ್ತಿದ್ದರು. ಉಕ್ಕಿನ ಪಟ್ಟಿಯ ಆ ವಾಚನ್ನು ಅವರು ಬಲಗೈಗೆ ಕಟ್ಟುತ್ತಿದ್ದರು, ಹೊಡೆಯುವುದೂ ಬಲಗೈಯಿಂದಲೇ. ಅದನ್ನು ಬಿಚ್ಚಿ, ಕರವಸ್ತ್ರದಿಂದ ಒರೆಸಿ, ಮೇಜಿನ ಮೇಲೆ ಮುಖ ಮೇಲಾಗಿ ಇಡುವರು. ಅವಸರ ಇರಲಿಲ್ಲ. ಏಟಿಗಿಂತ ಆ ವಾಚು ಮೇಜಿಗೆ ತಾಗುವ ಸದ್ದಿಗೇ ನಾವು ಹೆಚ್ಚು ಹೆದರುತ್ತಿದ್ದೆವು.

ನಿಜಾಮನ ಹಳೆಯ ರಾಜಧಾನಿಯ ಕೋಠಿ ಪೇಟೆಯಲ್ಲಿ, ಔಷಧಿ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ನಮ್ಮ ಕನ್ನಡ ಶಾಲೆ ಇತ್ತು. ಈಗ ಆ ಕಟ್ಟಡ ಗೋದಾಮು. ಅಲ್ಲಿ ಅವರು ಸಮಾಜ ವಿಜ್ಞಾನ ಕಲಿಸುತ್ತಿದ್ದರು. "ಇಸವಿ ಗ್ವಾಡಿ ಮ್ಯಾಲ ಬರದ್ರ ಅಳಸ್ತಾವ, ಕಪಾಳದ ಮ್ಯಾಲ ಬರದ್ರ ಉಳೀತಾವ" ಎನ್ನುವರು. ನನಗೆ ಇಂದಿಗೂ ಕೆಲವು ಇಸವಿಗಳು ಎಡಗೆನ್ನೆಯಲ್ಲಿ ನೆನಪಿವೆ.

ನಿಜಾಮನ ಆಳ್ವಿಕೆ ಮುಗಿದ ಪಾಠಕ್ಕೆ ಮಾತ್ರ ಅವರು ಪುಸ್ತಕ ತೆರೆಯುತ್ತಿರಲಿಲ್ಲ. ಬೀದರ ಕಡೆಯ ಅವರ ಊರಿನಲ್ಲಿ, ನಿಜಾಮನ ಪರ ಹೊಡೆದಾಡುತ್ತಿದ್ದ ರಜಾಕಾರರು ಅವರ ತಂದೆಯನ್ನು ಕಡಿದು ಊರ ಬಾವಿಗೆ ಎಸೆದಿದ್ದರು. ಆಗ ಮಾಸ್ತರು ತಾಯಿಯ ಹೊಟ್ಟೆಯಲ್ಲಿದ್ದರು. ತಾಯಿ ಹೇಳಿದ್ದನ್ನೇ ಅವರು ನಮಗೆ ಹೇಳುತ್ತಿದ್ದರು: ಕೊಡಲಿ ಎಲ್ಲಿ ಬಿತ್ತು, ಹೆಣ ತೆಗೆಯಲು ಎಷ್ಟು ಜನ ಹಗ್ಗ ಎಳೆದರು, ನೀರು ಎಂಥ ಬಣ್ಣಕ್ಕೆ ತಿರುಗಿತ್ತು. ಹೇಳುವಾಗ ದನಿ ಏರುತ್ತಿರಲಿಲ್ಲ.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಬಸವರಾಜನದೂ ಅದೇ ಊರು. ಎಂಟನೆಯ ತರಗತಿಯಲ್ಲಿ ಆ ಪಾಠ ನಡೆದಾಗ ಅವನು ಎದ್ದು ನಿಂತ.

"ಸರ್, ಭಾರತದ ಮಿಲಿಟರಿ ಬಂದ ಮ್ಯಾಲೆ ನಮ್ಮವರೂ ಮುಸಲ್ಮಾನರ್ನ ಕಡದ್ರಂತ್ರಿ. ನಮ್ಮಜ್ಜಿ ಕಣ್ಣಾರೆ ನೋಡ್ಯಾಳಂತ. ಹೆಂಗಸರು, ಕೂಸುಗೋಳು ಎಲ್ಲಾ. ಬಾವೀನೂ ಅದೇ ಅಂತ್ರಿ."

ಮಾಸ್ತರು ವಾಚು ಬಿಚ್ಚಿದರು. ಆ ದಿನ ಒರೆಸಲಿಲ್ಲ. ಮೊದಲ ಏಟಿಗೆ ಬಸವರಾಜ ಬೆಂಚಿಗೆ ಬಡಿದುಕೊಂಡ. ಎತ್ತಿ ನಿಲ್ಲಿಸಿ ಮತ್ತೆ ಹೊಡೆದರು. ಅವನು ಎರಡು ಬೆಂಚಿನ ನಡುವೆ ಕುಸಿದಾಗ ಎಡಗಿವಿಯಿಂದ ರಕ್ತ ಇಳಿದು ಕಾಲರು ಒದ್ದೆಯಾಗಿತ್ತು. ಮರುದಿನ ಅವನ ಅಪ್ಪ ಬಂದು ಮಾಸ್ತರಿಗೆ ಕೈ ಮುಗಿದ. "ಎಲುಬು ನಮ್ದು, ಚರ್ಮ ನಿಮ್ದರಿ, ಬೇಕಾದಷ್ಟು ಹೊಡೀರಿ" ಎಂದ. ಆ ಕಿವಿ ಮತ್ತೆ ಕೇಳಲಿಲ್ಲ.

ನಾನು ಮುಂದೆ ಪತ್ರಿಕೆಯಲ್ಲಿ ಅಪರಾಧ ವರದಿಗಾರನಾದೆ. ಮಾಸ್ತರು ನನ್ನ ವರದಿಗಳನ್ನು ಓದಿ ಫೋನು ಮಾಡಿ ಬೈಯುತ್ತಿದ್ದರು. "ಸತ್ತವನ ಹೆಸರು ಬರದಿ, ಕೊಂದವನ ಹೆಸರು ಬರದಿ. ನೋಡಿದವ್ರು ಎಲ್ಲಿ ಹೋದ್ರಲೇ?" ಅದು ಸರಿಯಾದ ಪ್ರಶ್ನೆ. ನೋಡಿದವರು ಸಾಮಾನ್ಯವಾಗಿ ಬಾಗಿಲು ಹಾಕಿಕೊಂಡಿರುತ್ತಾರೆ.

ಹೆಂಡತಿ ತೀರಿಕೊಂಡ ಮೇಲೆ, ಲಾಕ್‌ಡೌನ್‌ನಲ್ಲಿ, ಅವರು ಲ್ಯಾಪ್‌ಟಾಪ್ ಕಲಿತರು. ವಿದೇಶದ ಒಂದು ವಿಶ್ವವಿದ್ಯಾಲಯ ಆನ್‌ಲೈನಿನಲ್ಲಿ ಸಮಾಜ ವಿಜ್ಞಾನದ ಕೋರ್ಸು ನಡೆಸುತ್ತಿತ್ತು. ಹಲವು ದೇಶಗಳ ಜನ ಒಂದೇ ಪರದೆಯ ಮೇಲೆ ಕೂತು, ಊರುಗಳಲ್ಲಿ ನಡೆದ ಹತ್ಯೆಗಳನ್ನು ಓದುವುದು. "ಈ ವಯಸ್ಸಿಗೆ ವಿದ್ಯಾರ್ಥಿ ಆಗೇನಿ, ಬಾ ನೋಡಾಕ" ಎಂದು ಕರೆದರು. ಲಾಕ್‌ಡೌನ್ ಮುಗಿದಿತ್ತು, ಹೋದೆ. ಅಲ್ಲಿನ ನಿಯಮ ಒಂದೇ: ನಿಮ್ಮೂರಿನ ಕೊಲೆಯ ಕಥೆಯನ್ನು ನೀವು ಎದುರು ಕಡೆಯವರ ಬಾಯಿಂದ ಹೇಳಬೇಕು. ಅವರು ಕೇಳಿದರೆ "ಹೌದು, ಹೀಗೇ ಆಯಿತು" ಎನ್ನುವಂತಿರಬೇಕು.

ಮಾಸ್ತರು ಮೊದಲ ವಾರ ಜಗಳ ತೆಗೆದರು. ತಮ್ಮ ಹಳೆಯ ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ, ತಂದೆಯನ್ನು ಕೊಂದವರ ಬಾಯಿ ತಮಗೆ ಬೇಡ ಎಂದರು. ಮಾತು ಬೆಳೆದಂತೆ ಕೈ ತಾನಾಗಿ ವಾಚು ಬಿಚ್ಚಿ ಮೇಜಿನ ಮೇಲಿಟ್ಟಿತು. ನಂತರ ಅದನ್ನು ನೋಡಿ ಅವರೇ ನಕ್ಕರು. "ಯಾರಿಗೆ ಹೊಡೀಬೇಕೋ ತಮ್ಮಾ? ಎಲ್ಲಾರೂ ಗಾಜಿನ ಹಿಂದ ಅದಾರ."

ಅದೇ ಗುಂಪಿನಲ್ಲಿ ರುವಾಂಡಾದ ಕ್ಲೋದೀನ್ ಎಂಬ ದಾದಿ ಇದ್ದಳು. ತನ್ನ ಅಣ್ಣಂದಿರನ್ನು ಪಕ್ಕದ ಮನೆಯವನು ಮಚ್ಚಿನಿಂದ ಕೊಚ್ಚಿದ್ದನ್ನು ಅವಳು ಆ ಪಕ್ಕದ ಮನೆಯವನ ಮಾತಿನಲ್ಲೇ ಹೇಳಿದಳು: ಬೆಳಿಗ್ಗೆ ಮಚ್ಚು ಮಸೆದದ್ದು, ಮಧ್ಯಾಹ್ನ ತೋಳು ನೋಯುತ್ತಿದ್ದದ್ದು, ಸಂಜೆ ಹಸಿವಾದದ್ದು. ಮಾಸ್ತರು ಅದನ್ನು ಸಾಲುಸಾಲಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಅವರ ಸರದಿ ಬಂದ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ತಂದೆಯ ಕಥೆ ಹೇಳಲಿಲ್ಲ. "ಮಿಲಿಟರಿ ಬಂದ ಮೇಲೆ ಅದೇ ಬಾವಿಗೆ ಬೇರೆಯವರನ್ನು ಎಸೆದರು. ಹೆಂಗಸರು, ಮಕ್ಕಳು" ಎಂದು ನಿಲ್ಲಿಸಿದರು. ಮುಂದೇನು ಎಂದು ಕ್ಲೋದೀನ್ ಕೇಳಿದಳು.

"ಗೊತ್ತಿಲ್ಲ."

"ಇಷ್ಟನ್ನು ಯಾರು ಹೇಳಿದರು?"

"ಒಬ್ಬ ಹುಡುಗ. ಅವನ ಅಜ್ಜಿ ನೋಡಿದ್ದಳು."

"ಮುಂದಿನದನ್ನು ಅವನು ಯಾಕೆ ಹೇಳಲಿಲ್ಲ?"

ಮಾಸ್ತರು ಬಲಗೈಯನ್ನು ಮೇಜಿನ ಕೆಳಗೆ ತೆಗೆದುಕೊಂಡರು. "ನಾನು ಹೊಡೆದೆ" ಎಂದರು.

ಹಾಗಾದರೆ ಅವನನ್ನು ಹುಡುಕಿ ಉಳಿದದ್ದನ್ನು ಕೇಳಿಕೊಂಡು ಬನ್ನಿ ಎಂದಳು ಕ್ಲೋದೀನ್.

ಬಸವರಾಜನನ್ನು ಹುಡುಕುವುದು ಕಷ್ಟವಾಗಲಿಲ್ಲ. ಬಾಲಾನಗರದಲ್ಲಿ ಅವನದು ತಗಡು ಒತ್ತುವ ವರ್ಕ್‌ಶಾಪು. ಮಾಸ್ತರನ್ನು ಕಂಡವನೇ ಮಷೀನು ನಿಲ್ಲಿಸಿ ಕಾಲಿಗೆ ಬಿದ್ದ. ಕೆಲಸದವರನ್ನೆಲ್ಲ ಕರೆದ. "ನೋಡ್ರೋ, ಇವರ ಕೈಯಾಗ ಪೆಟ್ಟು ತಿಂದಾವ ನಾ. ಈ ಕಿವಿ ಸರ್ ಕೊಟ್ಟ ಪ್ರಸಾದ." ಅವನು ಕೇಳುವ ಬಲಗಿವಿಯನ್ನು ನಮ್ಮತ್ತ ತಿರುಗಿಸಿ ಕೂತ. ಡಿಗ್ರಿ ಓದುತ್ತಿದ್ದ ಅವನ ಮಗಳು ಸಹನಾ ಚಹಾ ತಂದಳು.

"ಬಸ್ಯಾ, ಮಾಫಿ ಕೇಳಾಕ ಬಂದೀನಿ" ಎಂದರು ಮಾಸ್ತರು.

"ಎದಕ್ರೀ ಸರ್? ನೀವು ಹೊಡೀದೇ ಇದ್ದಿದ್ರ ನಾ ಇವತ್ತಿಗೂ ಕೋಠಿಯಾಗ ಅರಿವಿ ಗಂಟು ಹೊರತಿದ್ದೆ."

"ನಮ್ಮವರೂ ಕಡದ್ರು ಅಂತ ನಿಮ್ಮಜ್ಜಿ ಕಣ್ಣಾರೆ ನೋಡಿ ಹೇಳಿದ್ದು ಖರೇ ಇದ್ದೀತು. ಪೂರಾ ಏನು ಹೇಳತಿದ್ಲು, ಹೇಳು."

ಬಸವರಾಜ ಚಹಾದ ಗ್ಲಾಸು ಕೆಳಗಿಟ್ಟ. "ಅಕಿ ಸುಳ್ಳು ಹೇಳತಿದ್ಲರಿ. ಅವತ್ತ ಮನಿಗೆ ಹೋಗಿ ರಕ್ತ ಹತ್ತಿದ ಅಂಗಿ ತೋರಿಸಿದೆ. ನಿನ್ನ ಮಾತಿನಿಂದ ಹಿಂಗಾತು ಅಂದೆ. ಸಾಯೂತನಕಾ ಮತ್ತ ಆ ಮಾತು ಎತ್ತಲಿಲ್ಲ ಮುದುಕಿ."

ಚಹಾ ಕೊಟ್ಟು ಅಲ್ಲೇ ನಿಂತಿದ್ದ ಸಹನಾ ಕೇಳಿದಳು.

"ಏನು ನೋಡಿದ್ಲಪ್ಪಾ ಮುತ್ತಜ್ಜಿ?"

"ನಿಂಗ್ಯಾಕ? ಒಳಗ ಹೋಗು."

"ಸರ್, ನೀವ ಹೇಳ್ರಿ. ನಮ್ಮವರು ಯಾರನ್ನ ಕಡದ್ರು?"

ಬಸವರಾಜ ಎದ್ದ. ಅವನೂ ವಾಚನ್ನು ಬಲಗೈಗೆ ಕಟ್ಟಿದ್ದ. ಅದನ್ನು ಬಿಚ್ಚಿ, ಕರವಸ್ತ್ರದಿಂದ ಒರೆಸಿ, ಟೇಬಲ್ಲಿನ ಮೇಲೆ ಮುಖ ಮೇಲಾಗಿ ಇಟ್ಟ.

ನಾನು ಏಳುವ ಮುಂಚೆ ಮಾಸ್ತರು ಎದ್ದಿದ್ದರು. ಎಪ್ಪತ್ತು ದಾಟಿದ ಮನುಷ್ಯ ಅಷ್ಟು ಬೇಗ ಹೇಗೆ ನಡುವೆ ಹೋದರೋ ತಿಳಿಯದು. ಮಗಳಿಗೆಂದು ಬೀಸಿದ ಏಟು ಅವರ ಕಿವಿಯ ಮೇಲೆ ಬಿತ್ತು. ಅವರು ತಿರುಗಿ ಬಿದ್ದಾಗ ಪ್ರೆಸ್ಸಿನ ಕಬ್ಬಿಣದ ಅಂಚು ತಲೆಗೆ ಬಡಿಯಿತು. ಸದ್ದು ದೊಡ್ಡದಿರಲಿಲ್ಲ. ರಕ್ತ ತಗಡಿನ ಚೂರುಗಳ ಮೇಲೆ ಹರಿದು ಬಾಗಿಲವರೆಗೆ ಬಂತು. ಬಸವರಾಜ "ಸರ್, ಸರ್" ಎನ್ನುತ್ತ ಎರಡೂ ಕೈಯಿಂದ ಆ ಗಾಯ ಮುಚ್ಚಿ ಹಿಡಿದಿದ್ದ. ಸಹನಾಳೇ ಓಡಿಹೋಗಿ ಆಟೋ ತಂದಳು.

ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದರು. ಕಂಡದ್ದನ್ನು ಕಂಡಂತೆ ಹೇಳಿದೆ. ಮಾಸ್ತರು ಎಡವಿ ಬಿದ್ದೆನೆಂದು ಬರೆಸಿದರು. ನೋಡಿದವನು ನಾನಿದ್ದೇನೆ ಎಂದು ನಾನು ವಾದಿಸಿದೆ.

"ಅವನ ಹೊಡತ ಅಲ್ಲ ತಮ್ಮಾ ಅದು. ನಂದ. ತಿರಗಿ ಬಂದೈತಿ" ಎಂದರು.

"ಆ ಹುಡುಗಿ ಅಲ್ಲೇ ಇರ್ತಾಳಲ್ರೀ ಸರ್, ಅದೇ ಮನೆಯಲ್ಲಿ?"

ಅವರು ಅದನ್ನು ಬಿಟ್ಟು, ಕ್ಲೋದೀನ್‌ಗೆ ಸುದ್ದಿ ಮುಟ್ಟಿಸಲು ಹೇಳಿದರು. "ಹುಡುಗ ಸಿಕ್ಕ, ಕಥಿ ಸಿಗಲಿಲ್ಲ ಅಂತ ಹೇಳು. ನಾ ಹೊಡದಿದ್ದು ಕಿವಿಗೆ; ಹೋಗಿದ್ದು ಆ ಮುದುಕಿ ನಾಲಿಗಿ." ಅವರೊಂದಿಗೆ ನನ್ನ ಕೊನೆಯ ಮಾತು ಅದು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಆ ವಾರವೇ ಹೋದರು. ಪೊಲೀಸರು ಮಾಸ್ತರ ಹೇಳಿಕೆಯನ್ನೇ ನಂಬಿ ಕಡತ ಮುಚ್ಚಿದರು.

ಹೆಣ ಎತ್ತುವ ಹೊತ್ತಿಗೆ ಅಂಗಳದಲ್ಲಿ ಹಳೆಯ ವಿದ್ಯಾರ್ಥಿಗಳೇ ತುಂಬಿದ್ದರು. ಮಾಸ್ತರ ಏಟಿನಿಂದಲೇ ಮನುಷ್ಯರಾದೆವು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಬಸವರಾಜ ಜೋರಾಗಿ ಅಳುತ್ತಿದ್ದ. ಮುಂದಿನ ಹೆಗಲು ತನ್ನದೇ ಎಂದು ಹಟ ಹಿಡಿದ. ಚಟ್ಟದ ಬಿದಿರಿಗೆ ಕೈ ಹಾಕುವ ಮುಂಚೆ, ಸಿಕ್ಕಿಕೊಳ್ಳದಿರಲಿ ಎಂದು ಬಲಗೈಯ ವಾಚು ಬಿಚ್ಚಿದ.

ಅವನ ಪಕ್ಕದಲ್ಲಿ ನಿಂತಿದ್ದ ಸಹನಾ ತಟ್ಟನೆ ಗೋಡೆಯವರೆಗೆ ಹಿಂದೆ ಸರಿದಳು. ಅವಳ ಕೈ ಕೆನ್ನೆಯನ್ನು ಮುಚ್ಚಿಕೊಂಡಿತ್ತು.