ಸೌಟಮ್ಮನ ಹೆಸರಲ್ಲಿ ಬೇಡಿದವರು

ಶಾಲೆಗೆ ದೊಡ್ಡ ರಜೆ ಬಂದರೆ ಮಕ್ಕಳೆಲ್ಲ ಕುಣಿಯುತ್ತಾರೆ, ನಮ್ಮ ಸೌಟಮ್ಮ ಮಾತ್ರ ಮುಖ ಗಂಟು ಹಾಕಿಕೊಂಡು ಕೂರುತ್ತಾಳೆ. ಅವಳು ಶಾಲೆಯ ಮಧ್ಯಾಹ್ನದ ಊಟದ ಅಡುಗೆಯವಳು. ಯಾರನ್ನು ಗದರಿಸುವುದಿದ್ದರೂ ಸೌಟನ್ನೇ ಮುಂದೆ ಮಾಡುತ್ತಾಳೆಂದು ಮಕ್ಕಳು ಇಟ್ಟ ಹೆಸರು ಅದು. ಈಗ ಹೆಡ್‌ಮಾಸ್ತರೂ ಹಾಗೇ ಕರೆಯುತ್ತಾರೆ. ನಾನು ಪಕ್ಕದ ಮನೆಯವಳು, ಬಟ್ಟೆ ಹೊಲಿಯುತ್ತೇನೆ. ಇಬ್ಬರಿಗೂ ಗೋಡೆ ಒಂದೇ, ಹಾಗಾಗಿ ಅವಳ ಬೈಗುಳವೆಲ್ಲ ನನಗೆ ಬಾಯಿಪಾಠ.

ರಜೆ ಎಂದರೆ ಕೆಲವು ಮನೆಗಳಲ್ಲಿ ಮಕ್ಕಳ ಹೊಟ್ಟೆಗೆ ತಣ್ಣೀರು ಬಟ್ಟೆ. ಆ ಮಕ್ಕಳು ಯಾರೆಂದು ಬಡಿಸುವವಳಿಗೆ ಗೊತ್ತಾಗದೆ ಇರುತ್ತದೆಯೇ? ರಜೆ ಹತ್ತಿರ ಬಂದಂತೆ ಅವರು ಮತ್ತೆ ಮತ್ತೆ ತಟ್ಟೆ ಒಡ್ಡುತ್ತಾರೆ. ಅದಕ್ಕೇ ಅವಳು ಪ್ರತಿ ವರ್ಷ ಚೀಲ ಹಿಡಿದು ಬೀದಿ ಸುತ್ತುತ್ತಾಳೆ. ಅಕ್ಕಿ, ಬೇಳೆ, ಎಣ್ಣೆ ಕೊಟ್ಟರೆ ಸರಿ, ದುಡ್ಡು ಚಾಚಿದರೆ ಮುಟ್ಟುವುದಿಲ್ಲ. ಯಾವ ಮನೆಗೆ ಕೊಡುವ ಮೊದಲೂ ಕುಡಿಯಲು ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ನುಗ್ಗಿ, ಕಣ್ಣಲ್ಲೇ ಡಬ್ಬಿಗಳನ್ನೆಲ್ಲ ಅಳೆದು ಬರುತ್ತಾಳೆ.

ಮೋಸಗಾರರನ್ನು ಕಂಡರಂತೂ ಅವಳಿಗೆ ಮೈಯೆಲ್ಲ ಉರಿ. ಒಮ್ಮೆ ಇಸ್ತ್ರಿ ಮಾಡಿದ ಶರ್ಟಿನವನೊಬ್ಬ ಅನಾಥಾಶ್ರಮದ ಹೆಸರು ಹೇಳಿಕೊಂಡು ಬಂದಿದ್ದ.

"ಎಷ್ಟು ಮಕ್ಕಳಪ್ಪಾ?"

"ಎಂಬತ್ತು, ಅಮ್ಮಾ."

"ಒಂದು ಹೊತ್ತಿಗೆ ಎಷ್ಟು ಅಕ್ಕಿ ಹಾಕ್ತೀರಿ?"

ಅವನು ಸ್ವಲ್ಪ ಯೋಚಿಸಿ, "ಎರಡು ಕೇಜಿ" ಅಂದ.

"ಹಾಗಾದ್ರೆ ನೀನು ಸಾಕಿರೋದು ಮಕ್ಕಳನ್ನಲ್ಲ, ಗುಬ್ಬಿಗಳನ್ನ" ಅಂದಳು. ಅವನು ಕಾಲಿಗೆ ಬುದ್ಧಿ ಹೇಳಿದ.

ಇಂಥವಳಿಗೇ ಈ ಸಲ ಯಾರೋ ಟೋಪಿ ಹಾಕಿದರು. ಅದೂ ಅವಳಿಗೆ ಗೊತ್ತೇ ಆಗದ ಹಾಗೆ.

ರಜೆಗೆ ಮುಂಚಿನ ದಿನ ಎಂದಿನಂತೆ ಚೀಲ ಹಿಡಿದು ಹೊರಟಳು, ಜೊತೆಗೆ ನಾನೂ ಹೋದೆ. ಮೊದಲು ನರ್ಸಮ್ಮನ ಮನೆ. ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು, ಕೈ ಬಿಚ್ಚಿ ಕೊಡುವ ಜನ. ಬಾಗಿಲು ತೆಗೆದವರೇ ಸೌಟಮ್ಮನ ಕಾಲು ನೋಡಿದರು.

"ಅಯ್ಯೋ, ನೀವ್ಯಾಕೆ ನಡ್ಕೊಂಡು ಬಂದ್ರಿ? ಆಪರೇಷನ್ ಆಯ್ತಾ?"

"ನನ್ನ ಕಾಲಿಗೆ ಏನಾಗಿದೆ?"

ನರ್ಸಮ್ಮ ಫೋನ್ ತೋರಿಸಿದರು. ಅದರಲ್ಲಿ ಸೌಟಮ್ಮ ಧಾರಾಕಾರ ಕಣ್ಣೀರು ಸುರಿಸುತ್ತಿದ್ದಳು. ಶಾಲೆಯಲ್ಲಿ ಈರುಳ್ಳಿ ಹೆಚ್ಚುವಾಗ ಯಾರೋ ತೆಗೆದ ಫೋಟೋ. ಈರುಳ್ಳಿಯನ್ನು ಕತ್ತರಿಸಿ ಬಿಸಾಕಿ ಮುಖ ಮಾತ್ರ ಉಳಿಸಿಕೊಂಡಿದ್ದರು. ಕೆಳಗೆ ಬರಹ: ಕೆಲಸ ಕಳೆದುಕೊಂಡ ವಿಧವೆ, ಕಾಲು ತೆಗೆಯಬೇಕಂತೆ, ಇಬ್ಬರು ಮೊಮ್ಮಕ್ಕಳು ಹಸಿದಿದ್ದಾರೆ, ರಜೆಯ ಹೊತ್ತಲ್ಲಿ ಮನಸ್ಸು ಮಾಡಿ, ಈ ನಂಬರಿಗೆ ಹಣ ಹಾಕಿ. ಮದುವೆಯೇ ಆಗದವಳನ್ನು ವಿಧವೆ ಮಾಡಿ, ಮೊಮ್ಮಕ್ಕಳನ್ನೂ ದಯಪಾಲಿಸಿದ್ದರು.

ಬೀದಿಯವರೆಲ್ಲ ಆ ನಂಬರಿಗೆ ಹಣ ಹಾಕಿದ್ದರು. ಪಾಪ, ಅವಳ ಮೇಲಿನ ಪ್ರೀತಿಗೇ ಹಾಕಿದ್ದು. ಆದರೆ ಮನೆ ಮನೆಯಲ್ಲೂ ಒಂದೇ ಮಾತು, "ಈ ಸಲದ್ದು ಕೊಟ್ಟಾಯ್ತಲ್ಲ." ಔಷಧಿ ಅಂಗಡಿಯವನಂತೂ ಇನ್ನೊಂದು ಹೆಜ್ಜೆ ಮುಂದೆ ಹೋದ.

"ಫೋಟೋ ನಿಮ್ದೇ ತಾನೇ? ನಿಮಗೆ ಗೊತ್ತಿಲ್ದೆ ಹೇಗೆ ಬರುತ್ತೆ?"

ಸೌಟಮ್ಮ ತಿರುಗಿ ಬೈಯದೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ನಾನೇ ಅವಳನ್ನು ಪೊಲೀಸ್ ಠಾಣೆಗೆ ಎಳೆದುಕೊಂಡು ಹೋದೆ, ದೂರು ಬರೆದುಕೊಂಡರು. ಆದರೆ ಆ ಹಣ ಯಾವಾಗ ಸಿಗುತ್ತದೋ, ಮಕ್ಕಳಿಗೆ ನಾಳೆಯಿಂದಲೇ ಊಟವಿಲ್ಲ.

"ನನ್ನ ಮುಖ ತೋರ್ಸಿ ಆ ಮಕ್ಕಳ ಅನ್ನ ಕಿತ್ಕೊಂಡ್ರಲ್ಲೇ" ಎಂದು ಖಾಲಿ ಚೀಲ ಮಡಚಿಟ್ಟಳು.

ಮಾರನೆಯ ಬೆಳಗ್ಗೆ ಸೌಟಮ್ಮನ ಬಾಗಿಲಲ್ಲಿ ಆಟೋ ನಿಂತಿತು. ಇಳಿದವರು ಅವಳ ಅಕ್ಕ. ತಾಯಿಯ ಮನೆ ಮಾರುವ ವಿಷಯಕ್ಕೆ ಜಗಳವಾಗಿ ಅಕ್ಕತಂಗಿಯರು ಮಾತು ಬಿಟ್ಟು ಆರು ವರ್ಷವಾಗಿತ್ತು. ಡ್ರೈವರ್ ಒಂದು ಮೂಟೆ ಅಕ್ಕಿ ಇಳಿಸಿದ. ಅಕ್ಕ ಮೊದಲು ತಂಗಿಯ ಎರಡೂ ಕಾಲು ನೋಡಿದರು, ನೇರ ಒಳಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡಿದರು. ಇವರ ಮನೆತನಕ್ಕೇ ಇರುವ ರೋಗವಿರಬೇಕು.

"ಚೆನ್ನಾಗೇ ಇದೀಯ" ಅಂದರು.

"ಇದೀನಿ. ನೀನೂ ಆ ನಂಬರಿಗೆ ಹಾಕಿದ್ಯಾ?"

"ಕಾಣದೋರ ನಂಬರಿಗೆ ನಾನ್ಯಾಕೆ ಹಾಕ್ಲಿ? ಕೊಡೋದಾದ್ರೆ ನಾನೇ ಬಂದು ಇಳಿಸ್ತೀನಿ. ಈ ಅಕ್ಕಿ ವಾಪಸ್ ತಗೊಂಡು ಹೋಗಲ್ಲ, ಬೇಕಾದೋರಿಗೆ ಕೊಡು."

ನಾವು ಮೂವರೂ ಅಕ್ಕಿ ಪಾಲು ಮಾಡಿ ಹೊತ್ತು ಹೊರಟೆವು. ನರ್ಸಮ್ಮ ಕಿಟಕಿಯಲ್ಲಿ ನೋಡಿ, ಬೇಳೆ ಎಣ್ಣೆ ತಂದರು.

"ಈ ಸಲ ನಾನೂ ಬರ್ತೀನಿ, ಎಲ್ಲಿಗೆ ಹೋಗುತ್ತೆ ಅಂತ ಕಣ್ಣಾರೆ ನೋಡ್ಬೇಕು" ಅಂದರು. ಸೌಟಮ್ಮ ಅವರ ಕೈಗೂ ಒಂದು ಚೀಲ ಕೊಟ್ಟಳು. ಎಲ್ಲ ಮನೆಗೂ ಮುಟ್ಟಿತು; ಹಿಂದಿನ ವರ್ಷಗಳಷ್ಟಿಲ್ಲ, ಆದರೂ ಮುಟ್ಟಿತು.

ವಾಪಸು ಬರುವಾಗ ಸೌಟಮ್ಮ ಕೇಳಿದಳು, "ಅಕ್ಕಾ, ಅದು ಸುಳ್ಳು ಅಂತ ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗದೆ ಏನು? ನಿನಗೆಲ್ಲಿಂದ ಬರ್ಬೇಕು ಮೊಮ್ಮಕ್ಕಳು?"

"ಮತ್ತೆ ಇಷ್ಟು ದೂರ ಯಾಕೆ ಬಂದೆ?"

ಅಕ್ಕ ಖಾಲಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಆರು ವರ್ಷ ಆಯ್ತಲ್ಲೇ ನಿನ್ನ ನೋಡಿ. ಕಾಲಿನ ವಿಷ್ಯ ಒಂದಾದ್ರೂ ನಿಜ ಇರ್ಬಹುದು ಅನ್ನಿಸ್ತು."

ಸೌಟಮ್ಮ ಅಕ್ಕನ ಕೈ ಹಿಡಿದುಕೊಂಡಳು, ಮನೆ ಬರುವವರೆಗೂ ಬಿಡಲಿಲ್ಲ.